ಮತಯಂತ್ರವೂ ಮತದಾರನ ನಂಬಿಕೆಯೂ

2003ನೆಯ ಇಸವಿ ಮೇ ತಿಂಗಳ 18ರಂದು ಬೆಲ್ಜಿಯಂ ದೇಶದಲ್ಲಿ ಸಂಸತ್ತಿನ ಚುನಾವಣೆ ನಡೆಯಿತು. ರಾಜಧಾನಿಯಾದ ಬ್ರಸೆಲ್ಸ್ ಪ್ರಾಂತಕ್ಕೆ ಸೇರಿದ ಸ್ಕಾರ್‌ಬೀಕ್ ಎಂಬಲ್ಲಿ ಮತಗಳನ್ನು ಎಣಿಸಿದುದು ಗಣಕಯಂತ್ರ. ಫಲಿತಾಂಶವನ್ನು ಪರಿಶೀಲಿಸಿದಾಗ ಒಂದು ವಿಚಿತ್ರ ಸಂಗತಿ ಕಂಡುಬಂತು. ಸಣ್ಣ ಪಕ್ಷವೊಂದರ ಅಭ್ಯರ್ಥಿಗೆ ಬಂದಿದ್ದ ಮತಗಳ ಸಂಖ್ಯೆಯು, ಆಕೆಗೆ ಬರಲು ಸಾಧ್ಯವಿದ್ದ ಗರಿಷ್ಠ ಸಂಖ್ಯೆಯನ್ನೇ ಮೀರಿತ್ತು! ಅಲ್ಲಿಯ ಪದ್ಧತಿಯಲ್ಲಿ ಪ್ರತಿಯೊಬ್ಬ ಮತದಾರನ ಮತವೂ ಒಂದೊಂದು ಕಾಂತೀಯ ಕಾರ್ಡಿನಲ್ಲಿ ದಾಖಲಾಗಿರುತ್ತಿತ್ತು. ಆ ಕಾರ್ಡುಗಳನ್ನು ಮತ್ತೊಮ್ಮೆ ಓದಿಸಿ ಲೆಕ್ಕ ಹಾಕಿದಾಗ ಆಕೆಯ ಮತಗಳು ಮೊದಲಿಗಿಂತ 4096ರಷ್ಟು ಕಡಿಮೆಯಾದವು.

4096 ಎಂಬ ಈ ಸಂಖ್ಯೆಯೇ ರಹಸ್ಯದ ಕೀಲಿಕೈ. ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಮೊತ್ತ 4096. ಗಣಕಯಂತ್ರವು ಸಂಖ್ಯೆಗಳನ್ನು ನಮ್ಮಂತೆ ಹತ್ತು ಅಂಕಿಗಳಲ್ಲಿ ಬರೆಯುವುದಿಲ್ಲ. ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆಯುತ್ತದೆ. ಸಾಲಾಗಿ ಜೋಡಿಸಿದ ದೀಪಗಳನ್ನು ಊಹಿಸಿಕೊಳ್ಳಿ. ಮೊದಲನೆಯ ದೀಪ ಉರಿದರೆ 1, ಎರಡನೆಯದು ಉರಿದರೆ 2, ಮೂರನೆಯದಕ್ಕೆ 4, ನಾಲ್ಕನೆಯದಕ್ಕೆ 8. ಹೀಗೆ ಇಮ್ಮಡಿಯಾಗುತ್ತ ಹೋದರೆ ಹದಿಮೂರನೆಯ ದೀಪದ ಬೆಲೆ ಸರಿಯಾಗಿ 4096. ಆರಿರಬೇಕಾಗಿದ್ದ ಆ ಒಂದು ದೀಪವು ಹೇಗೋ ಹತ್ತಿಕೊಂಡಿತೆಂದರೆ ಯಾರೂ ಹಾಕದ 4096 ಮತಗಳು ಒಂದೇ ಕ್ಷಣದಲ್ಲಿ ಹುಟ್ಟಿಕೊಳ್ಳುವುವು. ತಜ್ಞರು ಯಂತ್ರವನ್ನು ಎಷ್ಟು ಪರೀಕ್ಷಿಸಿದರೂ ಆ ದೋಷವು ಮತ್ತೆ ತಲೆದೋರಲಿಲ್ಲ. ಸ್ಮೃತಿಕೋಶದ ಒಂದು ಅಂಕಿಯು ತಾನಾಗಿಯೇ ಮಗುಚಿಕೊಂಡಿರಬೇಕೆಂದು ಅವರು ತೀರ್ಮಾನಿಸಿದರು. ಅಂತರಿಕ್ಷದಿಂದ ಸದಾ ಸುರಿಯುತ್ತಿರುವ ವಿಶ್ವಕಿರಣಗಳಿಂದ ಹುಟ್ಟಿದ ಕಣವೊಂದು ಅಲ್ಲಿಗೆ ಬಡಿದಿರಬಹುದೆಂಬ ಊಹೆಯೂ ಇದೆ. ನಮ್ಮ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದುದು ಇವೇ ವಿಶ್ವಕಿರಣಗಳನ್ನು.

ಈ ಘಟನೆಯಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಆದರೂ ಗಣಕಯಂತ್ರಗಳ ಕಾಲದಲ್ಲಿ ಚುನಾವಣೆಯನ್ನು ಕಾಪಾಡುವುದು ಹೇಗೆಂಬ ವಿಚಾರದಲ್ಲಿ ಇದರಷ್ಟು ಒಳ್ಳೆಯ ಪಾಠವು ಬೇರೆಯಿಲ್ಲ. ತಪ್ಪು ಬಯಲಾದುದು ಏಕೆ? ಸಂಖ್ಯೆಯು ಅಸಾಧ್ಯವಾಗಿತ್ತು, ಅದಕ್ಕೆ. ತಪ್ಪನ್ನು ತಿದ್ದಲು ಸಾಧ್ಯವಾದುದು ಏಕೆ? ಎಣಿಸುವ ಯಂತ್ರದ ಹೊರಗೆ ಕಾರ್ಡುಗಳೆಂಬ ಇನ್ನೊಂದು ದಾಖಲೆ ಇತ್ತು, ಅದಕ್ಕೆ. ಅದೇ 4096 ಮತಗಳು ದೊಡ್ಡ ಪಕ್ಷದ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿದ್ದರೆ ಬಹುಶಃ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಕುರುಡು ಕಣವೊಂದು ಮಾಡಿದ ಕೆಲಸವನ್ನು ಬುದ್ಧಿವಂತನಾದ ವೈರಿಯೊಬ್ಬನು ಮಾಡಹೊರಟರೆ ಅವನು ಅಸಾಧ್ಯವಾದ ಸಂಖ್ಯೆಯನ್ನು ಬರೆದಿಡುವನೆ?

ರಹಸ್ಯ ಮತದಾನದ ತೊಡಕು

ಬ್ಯಾಂಕಿನ ವ್ಯವಹಾರವೆಲ್ಲ ಗಣಕಯಂತ್ರದಲ್ಲಿ ನಡೆಯುತ್ತಿರುವಾಗ ಮತದಾನಕ್ಕೆ ಮಾತ್ರ ಇಷ್ಟೊಂದು ಆತಂಕವೇಕೆಂದು ಕೆಲವರು ಕೇಳುವುದುಂಟು. ಪ್ರಶ್ನೆಯು ಸಹಜವೇ. ಉತ್ತರವು ಮತದಾನದ ಸ್ವರೂಪದಲ್ಲಿಯೇ ಅಡಗಿದೆ.

ಬ್ಯಾಂಕಿನ ಪ್ರತಿಯೊಂದು ಲೆಕ್ಕಕ್ಕೂ ಒಬ್ಬ ಯಜಮಾನನಿದ್ದಾನೆ. ನೂರು ರೂಪಾಯಿ ವ್ಯತ್ಯಾಸವಾದರೂ ಪಾಸ್‌ಪುಸ್ತಕವನ್ನು ನೋಡಿ ಅವನು ತಕರಾರು ತೆಗೆಯುತ್ತಾನೆ. ಮತಕ್ಕೆ ಹಾಗೆ ಯಜಮಾನನಿಲ್ಲ. ಮತವು ಪೆಟ್ಟಿಗೆಯನ್ನು ಸೇರಿದ ಕೂಡಲೇ ಅದಕ್ಕೂ ಹಾಕಿದವನಿಗೂ ಇರುವ ಸಂಬಂಧವು ಕಡಿದುಹೋಗಬೇಕು. ರಹಸ್ಯ ಮತದಾನದ ಅರ್ಥವೇ ಅದು. ‘ಇಂಥವರಿಗೆ ಮತ ಹಾಕಿದ್ದೀರಿ’ ಎಂಬ ರಸೀತಿಯನ್ನು ಮತದಾರನ ಕೈಗೆ ಕೊಟ್ಟರೆ, ಹಣ ಕೊಟ್ಟವನೂ ಹೆದರಿಸಿದವನೂ ಮರುಕ್ಷಣವೇ ಅದನ್ನು ತೋರಿಸೆಂದು ಕೇಳುವರು. ಆದುದರಿಂದ ತನ್ನ ಮತವು ಸರಿಯಾಗಿ ಲೆಕ್ಕಕ್ಕೆ ಸೇರಿತೇ ಎಂದು ಮತದಾರನು ಆಮೇಲೆ ನೋಡಿಕೊಳ್ಳುವಂತಿಲ್ಲ. ಅವನು ಇಡೀ ವ್ಯವಸ್ಥೆಯನ್ನೇ ನಂಬಬೇಕಾಗುತ್ತದೆ.

ಕಾಗದದ ಕಾಲದಲ್ಲಿ ಈ ನಂಬಿಕೆಗೆ ಕಣ್ಣೇ ಆಧಾರವಾಗಿತ್ತು. ಬೆಳಗ್ಗೆ ಖಾಲಿ ಪೆಟ್ಟಿಗೆಯನ್ನು ಎಲ್ಲ ಪಕ್ಷಗಳ ಏಜೆಂಟರಿಗೂ ತೋರಿಸಿ ಮೊಹರು ಹಾಕುತ್ತಿದ್ದರು. ಎಣಿಕೆಯ ದಿನ ಅವರೆದುರಿಗೇ ಮೊಹರನ್ನು ಒಡೆಯುತ್ತಿದ್ದರು. ಮೈಸೂರಿನಲ್ಲಿ ತಯಾರಾಗುವ ಅಳಿಸದ ಶಾಯಿಯ ಗುರುತನ್ನು ಅಕ್ಷರ ಬಾರದವನೂ ನೋಡಿ ತಿಳಿಯಬಲ್ಲನು. ಮೋಸವು ಆಗಲೂ ಇತ್ತು. ಮತಗಟ್ಟೆಗಳನ್ನು ವಶಪಡಿಸಿಕೊಂಡು ಮುದ್ರೆ ಒತ್ತಿದ ಕಥೆಗಳು ಎಷ್ಟೋ ಇವೆ. ಆದರೆ ಆ ಮೋಸಕ್ಕೆ ಕೈ ಕಾಲು ಬೇಕಾಗಿತ್ತು, ಮತ್ತು ಅದು ಹತ್ತು ಜನರ ಕಣ್ಣಿಗೆ ಬೀಳುತ್ತಿತ್ತು. ಗಣಕಯಂತ್ರದೊಳಗೆ ಸೊನ್ನೆಯು ಒಂದಾದರೆ ಸದ್ದೂ ಇಲ್ಲ, ಗುರುತೂ ಇಲ್ಲ.

ಆಕ್ರಮಣಕ್ಕೆ ಈಡಾಗುವ ನಾಲ್ಕು ಸ್ಥಾನಗಳು

ಚುನಾವಣೆಯೆಂದರೆ ಮತಯಂತ್ರವೊಂದೇ ಅಲ್ಲ. ಸೈಬರ್ ಆಕ್ರಮಣಕ್ಕೆ ಈಡಾಗಬಲ್ಲ ಸ್ಥಾನಗಳು ಮುಖ್ಯವಾಗಿ ನಾಲ್ಕು: ಮತದಾರರ ಪಟ್ಟಿ, ಮತಯಂತ್ರ, ಫಲಿತಾಂಶದ ಪ್ರಕಟಣೆ ಮತ್ತು ಮತದಾರನ ಮನಸ್ಸು.

ಪಟ್ಟಿಯ ವಿಷಯಕ್ಕೆ ಅಮೆರಿಕದ ಇಲಿನಾಯ್ ಸಂಸ್ಥಾನದ ಉದಾಹರಣೆ ಇದೆ. 2016ರಲ್ಲಿ ಅಲ್ಲಿಯ ಮತದಾರರ ಪಟ್ಟಿಯಿದ್ದ ಗಣಕವ್ಯವಸ್ಥೆಯೊಳಕ್ಕೆ ರಷ್ಯದ ಸೈನಿಕ ಗೂಢಚಾರ ವಿಭಾಗದವರು ನುಗ್ಗಿದರೆಂಬುದು ಅಮೆರಿಕದ ತನಿಖೆಯಿಂದ ತಿಳಿದುಬಂತು. ಅವರು ನುಗ್ಗಿದ ಬಗೆ ಕುತೂಹಲಕಾರಿಯಾಗಿದೆ. ಕಚೇರಿಯ ಅರ್ಜಿಯಲ್ಲಿ ‘ಹೆಸರು’ ಎಂಬ ಅಂಕಣದೆದುರು ಒಬ್ಬನು ಹೆಸರಿಗೆ ಬದಲಾಗಿ ‘ಬೀರುವಿನ ಬಾಗಿಲನ್ನು ತೆರೆ’ ಎಂದು ಬರೆದನೆನ್ನೋಣ. ಬರೆದುದನ್ನೆಲ್ಲ ಅಪ್ಪಣೆಯೆಂದು ಭಾವಿಸುವ ಮುಗ್ಧ ಗುಮಾಸ್ತನು ಹಾಗೆಯೇ ಮಾಡಿಬಿಡುವನು. ಎಚ್ಚರವಿಲ್ಲದೆ ರಚಿಸಿದ ತಂತ್ರಾಂಶವು ಇಂತಹ ಗುಮಾಸ್ತನೇ. ಅಂದು ಮತಗಳು ಬದಲಾದ ಕುರುಹು ದೊರೆಯಲಿಲ್ಲ. ಆದರೆ ಅದೇ ದಾರಿಯಲ್ಲಿ ಬಂದವನು ಪಟ್ಟಿಯಿಂದ ಹೆಸರುಗಳನ್ನು ಅಳಿಸಲು ಶಕ್ತನಾದರೆ, ಮತದಾನದ ದಿನ ಗಟ್ಟೆಗಳೆದುರು ಎಂತಹ ಗೊಂದಲವಾಗಬಹುದೆಂಬುದನ್ನು ವಾಚಕರೇ ಊಹಿಸಬಹುದು.

ಪ್ರಕಟಣೆಯ ಮೇಲಣ ಆಕ್ರಮಣಕ್ಕೆ ಉಕ್ರೇನ್ ದೇಶವು ಸಾಕ್ಷಿ. ಅಲ್ಲಿ 2014ರ ಮೇ 25ರಂದು ಅಧ್ಯಕ್ಷರ ಚುನಾವಣೆ ನಡೆಯಬೇಕಾಗಿತ್ತು. ಮೂರು ದಿನ ಮುಂಚೆ ಕೇಂದ್ರ ಚುನಾವಣಾ ಆಯೋಗದ ಗಣಕಜಾಲವು ಆಕ್ರಮಣಕ್ಕೆ ಒಳಗಾಯಿತು. ಪ್ರತ್ಯೇಕವಾಗಿ ಕಾದಿಟ್ಟಿದ್ದ ಪ್ರತಿಗಳಿಂದ ಅದನ್ನು ಸರಿಪಡಿಸಿದರು. ಚುನಾವಣೆಯ ದಿನ ಮತ್ತೊಂದು ಹೂಟವು ಬೆಳಕಿಗೆ ಬಂತು. ದ್ಮಿತ್ರೊ ಯಾರೊಶ್ ಎಂಬ ಅಭ್ಯರ್ಥಿಗೆ ನೂರಕ್ಕೆ 37ರಷ್ಟು ಮತಗಳು ಬಂದಿವೆಯೆಂಬ ಸುಳ್ಳು ಚಿತ್ರವೊಂದನ್ನು ಆಯೋಗದ ಪ್ರಕಟಣೆಯಂತೆ ಕಾಣುವ ಹಾಗೆ ಸಿದ್ಧಪಡಿಸಲಾಗಿತ್ತು. ಅದನ್ನು ಆಯೋಗದವರು ಸಕಾಲದಲ್ಲಿ ತಡೆದರೂ, ರಷ್ಯದ ದೂರದರ್ಶನವೊಂದು ಅದೇ ಅಂಕಿಗಳನ್ನು ಬಿತ್ತರಿಸಿತು. ನಿಜವಾಗಿ ಆ ಅಭ್ಯರ್ಥಿಗೆ ಬಂದಿದ್ದುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಉಕ್ರೇನಿನಲ್ಲಿ ಮತ ಹಾಕಿದುದು ಕಾಗದದ ಮೇಲೆ; ಆದುದರಿಂದ ಎಣಿಕೆಗೆ ಧಕ್ಕೆ ತಗುಲಲಿಲ್ಲ. ಆಕ್ರಮಣಕಾರರಿಗೆ ಎಣಿಕೆಯನ್ನು ಬದಲಾಯಿಸುವುದು ಬೇಕಾಗಿಯೂ ಇರಲಿಲ್ಲ. ಜನರಲ್ಲಿ ‘ಯಾವುದು ನಿಜವೋ ತಿಳಿಯದು’ ಎಂಬ ಭಾವನೆಯನ್ನು ಹುಟ್ಟಿಸಿದ್ದರೆ ಅವರ ಕಾರ್ಯವು ಸಿದ್ಧಿಸುತ್ತಿತ್ತು.

ಮತದಾರನ ಮನಸ್ಸಿನ ಮೇಲೆ ನಡೆಯುವ ಆಕ್ರಮಣವು ಬೇರೊಂದು ಲೇಖನಕ್ಕೇ ಆಗುವಷ್ಟು ವಿಸ್ತಾರವಾದ ವಿಷಯ. ಒಂದು ಉದಾಹರಣೆ ಸಾಕು. 2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಮತದಾರರಿಗೆ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಗೆ ಸ್ವಲ್ಪ ಮುಂಚೆ, ದೂರವಾಣಿ ಕರೆಗಳು ಬಂದವು. ಆಗಿನ ಅಧ್ಯಕ್ಷ ಬೈಡನ್ನರ ಧ್ವನಿಯು ಈ ಚುನಾವಣೆಯಲ್ಲಿ ಮತ ಹಾಕಬೇಡಿರೆಂದು ಹೇಳುತ್ತಿತ್ತು. ಅದು ಅವರ ಧ್ವನಿಯಲ್ಲ. ಯಂತ್ರವು ಸೃಷ್ಟಿಸಿದ ಅನುಕರಣೆ.

ಯಂತ್ರದ ಗುಟ್ಟು

ಇನ್ನು ಮತಯಂತ್ರದ ವಿಚಾರಕ್ಕೆ ಬರೋಣ. ನೆದರ್ಲೆಂಡ್ಸ್ ದೇಶದ ಬಹುಭಾಗದಲ್ಲಿ ಹಲವು ವರ್ಷಗಳಿಂದ ನೆಡಾಪ್ ಎಂಬ ಮತಯಂತ್ರವು ಬಳಕೆಯಲ್ಲಿತ್ತು. ಅದು ಎಣಿಸುವುದನ್ನು ಬಿಟ್ಟು ಬೇರೇನನ್ನೂ ಮಾಡಲಾರದ ಉಪಕರಣವೆಂಬ ನಂಬಿಕೆ ಇತ್ತು. 2006ರ ಅಕ್ಟೋಬರಿನಲ್ಲಿ ರಾಪ್ ಗಾಂಗ್ರೈಪ್ ಎಂಬುವರೂ ಅವರ ಸಂಗಡಿಗರೂ ಅಂತಹ ಯಂತ್ರವನ್ನು ತೆರೆದು, ಒಳಗಿನ ಸ್ಮೃತಿಚಿಪ್ಪನ್ನು ಕೆಲವೇ ನಿಮಿಷಗಳಲ್ಲಿ ಬದಲಾಯಿಸಿ, ಮತಗಳನ್ನು ಕದಿಯುವಂತೆ ಮಾಡಬಹುದೆಂದು ತೋರಿಸಿದರು. ಅದೇ ಯಂತ್ರದಲ್ಲಿ ಚದುರಂಗವನ್ನೂ ಆಡಿಸಿದರು! ಇದು ಬರಿಯ ವಿನೋದವಲ್ಲ. ಹೊರಗಿನಿಂದ ಎಣಿಸುವ ಪೆಟ್ಟಿಗೆಯಂತೆ ಕಂಡರೂ ಒಳಗಿರುವುದು ಗಣಕಯಂತ್ರವೇ; ಗಣಕಯಂತ್ರವು ತನಗೆ ಕೊಟ್ಟ ಯಾವ ಆದೇಶವನ್ನಾದರೂ ನಡೆಸುವುದು.

ಅವರು ತೋರಿಸಿದ ಎರಡನೆಯ ಸಂಗತಿಯು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ವಿಶೇಷ ರುಚಿಕರವಾದುದು. ತಂತಿಯಲ್ಲಿ ವಿದ್ಯುತ್ಪ್ರವಾಹವು ವೇಗವಾಗಿ ಏರಿಳಿದರೆ ಸುತ್ತಲೂ ವಿದ್ಯುತ್ಕಾಂತೀಯ ಅಲೆಗಳು ಹರಡುತ್ತವೆ. ರೇಡಿಯೋ ಪ್ರಸಾರವು ನಡೆಯುವುದು ಇದೇ ತತ್ತ್ವದಿಂದ. ಮತಯಂತ್ರದ ಅಕ್ಷರಫಲಕವೂ ಹೀಗೆ ತನಗರಿವಿಲ್ಲದೆ ಸಣ್ಣ ಪ್ರಸಾರ ಕೇಂದ್ರವಾಗಿತ್ತು. ಅಲ್ಲಿಯ ಒಂದು ಪಕ್ಷದ ಹೆಸರಿನಲ್ಲಿ ಸ್ವರಚಿಹ್ನೆಯುಳ್ಳ ಅಕ್ಷರವೊಂದಿತ್ತು. ಅದನ್ನು ಮೂಡಿಸುವಾಗ ಫಲಕದ ಕಂಪನದ ಗತಿಯು ಬದಲಾಗುತ್ತಿತ್ತು. ಕೆಲವು ಮೀಟರುಗಳ ದೂರದಲ್ಲಿ ಸಾಮಾನ್ಯ ರೇಡಿಯೋ ಗ್ರಾಹಕವನ್ನು ಹಿಡಿದು ಕುಳಿತವನಿಗೆ, ಒಳಗಿರುವ ಮತದಾರನು ಆ ಪಕ್ಷಕ್ಕೆ ಮತ ಹಾಕುತ್ತಿರುವನೇ ಎಂಬುದು ಕೇಳಿಸುತ್ತಿತ್ತು! ಪರದೆಯ ಮರೆಯ ರಹಸ್ಯವು ಗಾಳಿಯಲ್ಲಿ ತೇಲಿ ಹೊರಬರುತ್ತಿತ್ತು. ಮುಂದಿನ ಎರಡು ವರ್ಷಗಳೊಳಗಾಗಿ ಆ ದೇಶವು ಯಂತ್ರಗಳನ್ನು ಕೈಬಿಟ್ಟು ಕಾಗದಕ್ಕೂ ಪೆನ್ಸಿಲಿಗೂ ಹಿಂದಿರುಗಿತು.

ಜರ್ಮನಿಯ ಸಂವಿಧಾನ ನ್ಯಾಯಾಲಯವು 2009ರ ಮಾರ್ಚ್ 3ರಂದು ಕೊಟ್ಟ ತೀರ್ಪು ಇನ್ನೂ ಆಳಕ್ಕೆ ಹೋಗುತ್ತದೆ. ಅಲ್ಲಿ 2005ರ ಚುನಾವಣೆಯಲ್ಲಿ ಇದೇ ಬಗೆಯ ಯಂತ್ರಗಳನ್ನು ಬಳಸಿದ್ದರು. ಮೋಸ ನಡೆಯಿತೆಂದು ನ್ಯಾಯಾಲಯವು ಹೇಳಲಿಲ್ಲ. ಚುನಾವಣೆಯ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಪ್ರಜೆಯೂ ಪರೀಕ್ಷಿಸಿ ತಿಳಿಯುವಂತಿರಬೇಕು, ಆ ಯಂತ್ರಗಳಲ್ಲಿ ಅದು ಸಾಧ್ಯವಿರಲಿಲ್ಲ ಎಂಬುದೇ ತೀರ್ಪಿನ ಸಾರ.

ನಮ್ಮ ದೇಶದ ಯಂತ್ರ

ಭಾರತದಲ್ಲಿ ವಿದ್ಯುನ್ಮಾನ ಮತಯಂತ್ರವು ಮೊದಲು ಬಳಕೆಯಾದುದು 1982ರಲ್ಲಿ, ಕೇರಳದ ಪರೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಆಗಿನ ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟು 1984ರಲ್ಲಿ ತೀರ್ಪಿತ್ತುದರಿಂದ ಆ ಗಟ್ಟೆಗಳಲ್ಲಿ ಮರುಮತದಾನವಾಯಿತು. 1988ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆಯ ವೇಳೆಗೆ ಎಲ್ಲ 543 ಕ್ಷೇತ್ರಗಳಲ್ಲಿಯೂ ಯಂತ್ರವೇ ಬಂದಿತು. ಇವುಗಳನ್ನು ತಯಾರಿಸುವವು ಎರಡು ಸರಕಾರೀ ಉದ್ಯಮಗಳು: ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್.

ಈ ಯಂತ್ರದ ದೊಡ್ಡ ಬಲವೆಂದರೆ ಅದರ ಏಕಾಂಗಿತನ. ಅದಕ್ಕೆ ಅಂತರ್ಜಾಲದ ಸಂಪರ್ಕವಿಲ್ಲ. ದೂರದ ದೇಶದಲ್ಲಿ ಕುಳಿತವನು ತಂತಿಯ ಮೂಲಕ ಅದರೊಳಕ್ಕೆ ಹೊಗಲಾರನು. ಲಕ್ಷಗಟ್ಟಲೆ ಯಂತ್ರಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟಿ ತಿದ್ದುವುದೂ ಸುಲಭದ ಮಾತಲ್ಲ. ಆದರೆ ಮುಟ್ಟಿದವನು ಏನು ಮಾಡಬಲ್ಲನು? 2010ರಲ್ಲಿ ಕೆಲವು ಸಂಶೋಧಕರು ತಮಗೆ ದೊರೆತ ಯಂತ್ರವೊಂದರ ಫಲಿತಾಂಶ ಫಲಕವನ್ನು, ರೇಡಿಯೋ ಸಂಕೇತದಿಂದ ಸುಳ್ಳು ಹೇಳಬಲ್ಲ ನಕಲಿ ಫಲಕದಿಂದ ಬದಲಾಯಿಸಿ ತೋರಿಸಿದರು. ಯಂತ್ರಗಳಿಗಿರುವ ಕಾವಲು, ಮೊಹರು ಮತ್ತು ಕಟ್ಟಳೆಗಳ ನಡುವೆ ಇದು ನಡೆಯದೆಂಬುದು ಚುನಾವಣಾ ಆಯೋಗದ ಉತ್ತರವಾಗಿತ್ತು.

ಇಂತಹ ವಾದಗಳು ಬಾಯಿಮಾತಿನಲ್ಲಿ ಎಂದಿಗೂ ಮುಗಿಯುವಂಥವಲ್ಲ. ವಿಜ್ಞಾನಿಯು ಇಲ್ಲಿ ಬೇರೊಂದು ದಾರಿಯನ್ನು ಸೂಚಿಸುವನು. ಒಂದೇ ತಕ್ಕಡಿಯಲ್ಲಿ ಹತ್ತು ಸಲ ತೂಗಿದರೂ ತಕ್ಕಡಿಯ ದೋಷವು ಹೊರಬೀಳದು. ಬೇರೊಂದು ತಕ್ಕಡಿ ಬೇಕು. ಯಂತ್ರದ ಗುಂಡಿಯನ್ನು ಎಷ್ಟು ಬಾರಿ ಒತ್ತಿದರೂ ಅದು ಹೇಳುವುದು ಮೊದಲು ಹೇಳಿದುದನ್ನೇ. ಆದುದರಿಂದ ಯಂತ್ರವನ್ನು ಅವಲಂಬಿಸದ ಎರಡನೆಯ ಎಣಿಕೆಯು ಸಾಧ್ಯವಿರಬೇಕು.

ವಿವಿಪ್ಯಾಟ್ ಎಂದು ಕರೆಯುವ ಉಪಕರಣವು ಬಂದುದು ಈ ಉದ್ದೇಶದಿಂದ. ಮತದಾರನು ಗುಂಡಿಯನ್ನು ಒತ್ತಿದೊಡನೆ ಅಭ್ಯರ್ಥಿಯ ಹೆಸರೂ ಚಿಹ್ನೆಯೂ ಅಚ್ಚಾದ ಚೀಟಿಯೊಂದು ಗಾಜಿನ ಕಿಟಕಿಯಲ್ಲಿ 7 ಸೆಕೆಂಡುಗಳ ಕಾಲ ಕಾಣಿಸಿ, ಬಳಿಕ ಒಳಗಿನ ಪೆಟ್ಟಿಗೆಗೆ ಬೀಳುತ್ತದೆ. ಮತದಾರನು ಅದನ್ನು ನೋಡಬಹುದು, ಮನೆಗೆ ಒಯ್ಯುವಂತಿಲ್ಲ; ರಹಸ್ಯವೂ ಉಳಿಯಿತು, ದಾಖಲೆಯೂ ಉಳಿಯಿತು. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಇದು ಮೊದಲು ಬಳಕೆಗೆ ಬಂತು. ಅದೇ ವರ್ಷ ಸುಪ್ರೀಂ ಕೋರ್ಟು, ನ್ಯಾಯಸಮ್ಮತವಾದ ಚುನಾವಣೆಗೆ ಕಾಗದದ ಸಾಕ್ಷ್ಯವು ಅತ್ಯಗತ್ಯವೆಂದು ಹೇಳಿತು. 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಮತಗಟ್ಟೆಗಳಲ್ಲಿಯೂ ಇದನ್ನು ಇರಿಸಿದರು. ಯಂತ್ರದ ಲೆಕ್ಕಕ್ಕೂ ಚೀಟಿಗಳ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ನಿಲ್ಲಬೇಕೆಂಬುದು ನಿಯಮ.

ಎಷ್ಟು ಚೀಟಿಗಳನ್ನು ಎಣಿಸಬೇಕು?

ಚೀಟಿ ಇದ್ದರೆ ಸಾಲದು. ಅದನ್ನು ಎಣಿಸಿ ನೋಡಬೇಕು. 2019ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಪ್ರತಿ ವಿಧಾನಸಭಾ ಭಾಗದಲ್ಲಿ ಚೀಟಿ ಎತ್ತಿ ಆರಿಸಿದ 5 ಮತಗಟ್ಟೆಗಳಲ್ಲಿ ಈ ಎಣಿಕೆಯಾಗಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ 28 ಲೋಕಸಭಾ ಕ್ಷೇತ್ರಗಳೂ 224 ವಿಧಾನಸಭಾ ಕ್ಷೇತ್ರಗಳೂ ಇರುವುದರಿಂದ ಒಂದು ಲೋಕಸಭಾ ಕ್ಷೇತ್ರಕ್ಕೆ 8 ಭಾಗಗಳು, ಅಂದರೆ 40 ಮತಗಟ್ಟೆಗಳು. ಇದು ಸಾಕೇ? ಲೆಕ್ಕ ಹಾಕಿ ನೋಡೋಣ.

ಕ್ಷೇತ್ರದಲ್ಲಿ 2000 ಮತಗಟ್ಟೆಗಳಿವೆಯೆಂದೂ ಅವುಗಳಲ್ಲಿ 200ರ ಯಂತ್ರಗಳು ದೋಷಪೂರ್ಣವೆಂದೂ ಭಾವಿಸಿ. ಆರಿಸಿದ ಮೊದಲನೆಯ ಯಂತ್ರವು ಒಳ್ಳೆಯದಾಗಿರುವ ಸಂಭವವು ಹತ್ತರಲ್ಲಿ ಒಂಬತ್ತು. ಎರಡನೆಯದಕ್ಕೂ ಹೆಚ್ಚುಕಡಿಮೆ ಅಷ್ಟೇ. ಹೀಗೆ 40 ಸಲ ಗುಣಿಸಿದರೆ, ನಲವತ್ತೂ ಒಳ್ಳೆಯವೇ ಆಗಿ ದೋಷವು ತಪ್ಪಿಸಿಕೊಳ್ಳುವ ಸಂಭವವು ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಪರೀಕ್ಷೆಯು ಬಹಳ ಚೆನ್ನಾಗಿದೆಯೆನ್ನಬೇಕು. ಆದರೆ ದೋಷವುಳ್ಳವು 40 ಮಾತ್ರವಾದರೆ? ಆಗ ದೋಷವು ತಪ್ಪಿಸಿಕೊಳ್ಳುವ ಸಂಭವವು ನೂರಕ್ಕೆ 44! ನಾಣ್ಯವನ್ನು ಚಿಮ್ಮಿ ನೋಡಿದುದಕ್ಕಿಂತ ಇದು ಹೆಚ್ಚು ಉತ್ತಮವಲ್ಲ. ನೂರಕ್ಕೆ 99ರ ಭರವಸೆ ಬೇಕಾದರೆ ಸುಮಾರು 220 ಗಟ್ಟೆಗಳ ಚೀಟಿಗಳನ್ನು ಎಣಿಸಬೇಕಾಗುವುದು.

ಹಾಗಾದರೆ ಎಲ್ಲೆಡೆಯೂ 220 ಎಣಿಸಬೇಕೆ? ಇಲ್ಲ. ಪ್ರತಿ ಕೆಟ್ಟ ಯಂತ್ರದಲ್ಲಿಯೂ 100 ಮತಗಳು ಒಬ್ಬನಿಂದ ಇನ್ನೊಬ್ಬನಿಗೆ ಸರಿದವೆನ್ನೋಣ. 40 ಯಂತ್ರಗಳಿಂದ 4000 ಮತಗಳು ಸರಿದು, ಇಬ್ಬರ ನಡುವಣ ಅಂತರದಲ್ಲಿ 8000ದ ವ್ಯತ್ಯಾಸವಾಗುವುದು. ಗೆದ್ದವನ ಅಂತರವು ಎರಡು ಲಕ್ಷವಿದ್ದರೆ ಇದರಿಂದ ಫಲಿತಾಂಶವು ಬದಲಾಗದು. ಅಂಥಲ್ಲಿ 40 ಗಟ್ಟೆಗಳ ಪರೀಕ್ಷೆಯೇ ಸಾಕು. ಅಂತರವು ಐದು ಸಾವಿರವಿದ್ದರೆ ಹೆಚ್ಚು ಎಣಿಸಬೇಕು. ಐನೂರಿದ್ದರೆ ಎಲ್ಲವನ್ನೂ ಎಣಿಸಿದರೂ ಶ್ರಮವು ವ್ಯರ್ಥವಲ್ಲ. ಎಣಿಕೆಯ ಪ್ರಮಾಣವು ಗೆಲುವಿನ ಅಂತರಕ್ಕೆ ಹೊಂದಿಕೊಂಡಿರಬೇಕೆಂಬ ಈ ತತ್ತ್ವವನ್ನು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ 2008ರಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು. ಕೊಲರಾಡೊ ಸಂಸ್ಥಾನವು 2017ರಿಂದ ಇದನ್ನು ಆಚರಣೆಗೆ ತಂದಿತು.

ನಮ್ಮಲ್ಲಿ 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟು, ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಕೋರಿಕೆಯನ್ನು ತಳ್ಳಿಹಾಕಿತು. ಆದರೆ ಎರಡು ಹೊಸ ರಕ್ಷಣೆಗಳನ್ನು ಕೂಡಿಸಿತು. ವಿವಿಪ್ಯಾಟಿಗೆ ಅಭ್ಯರ್ಥಿಗಳ ಚಿಹ್ನೆಗಳನ್ನು ತುಂಬುವ ಉಪಕರಣಗಳನ್ನು ಫಲಿತಾಂಶದ ನಂತರ 45 ದಿನ ಮೊಹರು ಮಾಡಿ ಇರಿಸಬೇಕು. ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದವರು ಕೋರಿದರೆ ನೂರಕ್ಕೆ 5ರಷ್ಟು ಯಂತ್ರಗಳ ಚಿಪ್ಪುಗಳನ್ನು ಪರೀಕ್ಷೆಗೆ ಒಳಪಡಿಸಬೇಕು.

ಸೋತವನನ್ನು ಒಪ್ಪಿಸುವ ಸಾಕ್ಷ್ಯ

ಕಾಗದದ ಬೆಲೆಯೇನೆಂಬುದು ಅಮೆರಿಕದ ಜಾರ್ಜಿಯ ಸಂಸ್ಥಾನದಲ್ಲಿ ಸ್ಪಷ್ಟವಾಯಿತು. ಅಲ್ಲಿ 2002ರಿಂದ ಬಳಕೆಯಲ್ಲಿದ್ದ ಯಂತ್ರಗಳು ಯಾವ ಕಾಗದವನ್ನೂ ಉಳಿಸುತ್ತಿರಲಿಲ್ಲ. ನ್ಯಾಯಾಲಯದ ಆಜ್ಞೆಯಂತೆ 2019ರ ನಂತರ ಅವುಗಳನ್ನು ತೆಗೆದು, ಕಾಗದದ ಮತಪತ್ರವು ಉಳಿಯುವ ವ್ಯವಸ್ಥೆಯನ್ನು ತಂದರು. ಮರುವರ್ಷವೇ, 2020ರ ನವೆಂಬರಿನಲ್ಲಿ, ಅಧ್ಯಕ್ಷರ ಚುನಾವಣೆಯಲ್ಲಿ ಸುಮಾರು 50 ಲಕ್ಷ ಮತಗಳು ಬಿದ್ದು, ಅಂತರವು ಕೇವಲ ಹನ್ನೆರಡು ಸಾವಿರದ ಆಸುಪಾಸಿನಲ್ಲಿ ನಿಂತಿತು. ಯಂತ್ರವು ಮೋಸ ಮಾಡಿತೆಂಬ ಕೂಗೆದ್ದಿತು. ಆಗ ಆ 50 ಲಕ್ಷ ಮತಪತ್ರಗಳನ್ನೂ ಕೈಯಿಂದಲೇ ಎಣಿಸಿದರು. ಕೆಲವೆಡೆ ಮೊದಲ ಎಣಿಕೆಯಲ್ಲಿ ಬಿಟ್ಟುಹೋಗಿದ್ದ ಮತಗಳು ಸಿಕ್ಕಿ ಅಂತರವು ಸ್ವಲ್ಪ ಕಡಿಮೆಯಾಯಿತು. ಗೆದ್ದವರು ಮಾತ್ರ ಬದಲಾಗಲಿಲ್ಲ. ಕೂಗು ಅಲ್ಲಿಗೇ ಅಡಗಿತೆನ್ನಲಾಗದು. ಆದರೆ ಅಧಿಕಾರಿಗಳಿಗೂ ನ್ಯಾಯಾಧೀಶರಿಗೂ ಕಾಲೂರಲು ನೆಲವಿತ್ತು. ಒಂದು ವರ್ಷ ಮೊದಲಿನ ಯಂತ್ರಗಳೇ ಇದ್ದಿದ್ದರೆ, ‘ಯಂತ್ರವು ಹೀಗೆ ಹೇಳಿದೆ’ ಎಂಬುದಲ್ಲದೆ ಅವರಿಗೆ ಬೇರೆ ಉತ್ತರವೇ ಇರುತ್ತಿರಲಿಲ್ಲ.

ಗೆದ್ದವನಿಗೆ ಚುನಾವಣೆಯ ಸತ್ಯವನ್ನು ಯಾರೂ ಸಾಧಿಸಿ ತೋರಿಸಬೇಕಾಗಿಲ್ಲ. ಅವನು ಆಗಲೇ ಒಪ್ಪಿದ್ದಾನೆ. ಸಾಧಿಸಿ ತೋರಿಸಬೇಕಾದುದು ಸೋತವನಿಗೆ, ಅವನ ಬೆಂಬಲಿಗರಿಗೆ. ಪ್ರಜಾಪ್ರಭುತ್ವದಲ್ಲಿ ಅಧಿಕಾರವು ರಕ್ತಪಾತವಿಲ್ಲದೆ ಕೈಯಿಂದ ಕೈಗೆ ಸಾಗುವುದು ಸೋತವನು ಒಪ್ಪುವುದರಿಂದ. ಸೈಬರ್ ಆಕ್ರಮಣಕಾರನ ನಿಜವಾದ ಗುರಿಯು ಈ ಒಪ್ಪಿಗೆಯೇ. ಯಂತ್ರವು ನಿರ್ದೋಷಿಯೆಂದು ಸಾರುವುದರಿಂದಾಗಲಿ, ಎಲ್ಲ ಯಂತ್ರಗಳೂ ಮೋಸವೆಂದು ಆಧಾರವಿಲ್ಲದೆ ಕೂಗುವುದರಿಂದಾಗಲಿ ಅದನ್ನು ಕಾಪಾಡಲಾಗದು. ಮತ ಹಾಕುವಾಗ ಆ 7 ಸೆಕೆಂಡುಗಳ ಕಾಲ ಕಿಟಕಿಯಲ್ಲಿನ ಚೀಟಿಯನ್ನು ಗಮನವಿಟ್ಟು ನೋಡುವುದು ಮತದಾರನ ಕೆಲಸ. ಆ ಚೀಟಿಗಳನ್ನು ಗೆಲುವಿನ ಅಂತರಕ್ಕೆ ತಕ್ಕಷ್ಟು, ಎಲ್ಲರ ಎದುರಿನಲ್ಲಿ ಎಣಿಸಿ ತೋರಿಸುವುದು ಆಡಳಿತದ ಕೆಲಸ. ಸ್ಕಾರ್‌ಬೀಕ್‌ನಲ್ಲಿ ಹತ್ತಿಕೊಂಡ ಆ ಹದಿಮೂರನೆಯ ದೀಪವನ್ನು ಆರಿಸಿದುದು ಇನ್ನೂ ಉತ್ತಮವಾದ ಯಂತ್ರವಲ್ಲ. ಯಂತ್ರದ ಹೊರಗೆ ಜೋಪಾನವಾಗಿ ಉಳಿಸಿಟ್ಟಿದ್ದ ಕಾರ್ಡುಗಳು.